ಗುಂಡಿ ತುಂಬಿಸಿದ ಅಮ್ಮಾಜಮ್ಮ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಮಣ್ಣುದಾರಿ ಹಿಡಿದರೆ ಒಂದು ಊರು ಸಿಗುತ್ತದೆ. ಆ ಊರಲ್ಲಿ ಅಮ್ಮಾಜಮ್ಮನ ಬಾಯಿಗೆ ಹೆದರದವರು ಇಲ್ಲ. ಪಂಚಾಯ್ತಿ ಮೆಂಬರು ಕೂಡ ಅವಳ ಮನೆ ಮುಂದೆ ಬೈಕಿನ ಹಾರನ್ ಒತ್ತುವುದಿಲ್ಲ. ಒಮ್ಮೆ ಒತ್ತಿದ್ದಕ್ಕೆ, ‘ಒಳಗೆ ಹುಳ ಮಲಗಿರೋದು ಕಾಣಲ್ವೇನೋ, ನಿನ್ನ ಮದುವೆ ದಿಬ್ಬಣಾನೇನೋ ಇದು?’ ಎಂದು ಅವಳು ಬೀದಿಗೆ ಬಂದು ನೀರಿಳಿಸಿದ್ದು ಅವನಿಗೆ ಇನ್ನೂ ನೆನಪಿದೆ.

ಹುಳ ಎಂದರೆ ರೇಷ್ಮೆ ಹುಳ. ಅದು ಬಿಟ್ಟರೆ ಆ ಊರಿಗೆ ಬೇರೆ ಬದುಕಿಲ್ಲ. ಮನೆಯಲ್ಲಿ ಕೂಸು ಅತ್ತರೆ ಅಳಲಿ ಬಿಡು ಅನ್ನುತ್ತಾರೆ, ಹುಳ ಮೇವು ಬಿಟ್ಟರೆ ಮಾತ್ರ ಇಡೀ ಮನೆ ಎದ್ದು ಕೂರುತ್ತದೆ. ಹುಳು ಮನೆಗೆ ಹೋಗುವವರು ಕಾಲು ತೊಳೆಯಬೇಕು, ಬೀಡಿ ಸೇದಿರಬಾರದು, ಸೆಂಟು ಹಾಕಿರಬಾರದು, ಊದುಬತ್ತಿಯ ಹೊಗೆಯೂ ಆಗದು. ಪಕ್ಕದ ಅಡುಗೆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಬಾಗಿಲು ಮುಚ್ಚಬೇಕು. ಇವೆಲ್ಲ ಸರಿಯಾದ ಮಾತೇ, ಹುಳಕ್ಕೆ ಘಾಟು ತಡೆಯುವುದಿಲ್ಲ. ಇದರ ಜೊತೆಗೇ ಮುಟ್ಟಾದ ಹೆಂಗಸರು ಹೊಸಿಲು ತುಳಿಯಬಾರದು ಅಂತ ಇನ್ನೊಂದು ಸೇರಿಕೊಂಡಿತ್ತು. ಅದಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ. ಆದರೆ ಅಮ್ಮಾಜಮ್ಮ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿಟ್ಟಿದ್ದಳು. ಒಂದನ್ನು ಮೀರಿದರೂ ಅವಳ ಲೆಕ್ಕದಲ್ಲಿ ಎಲ್ಲವನ್ನೂ ಮೀರಿದ ಹಾಗೇ.

ಯಾರ ಮನೆಯಲ್ಲಿ ಹುಳ ಕೆಟ್ಟರೂ ಮೊದಲು ಅವಳಿಗೆ ಕರೆ ಬರುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ಗಾಳಿ ಮೂಸಿ, ಒಂದು ಹುಳವನ್ನು ಅಂಗೈ ಮೇಲೆ ಬಿಟ್ಟುಕೊಂಡು ನೋಡಿ, ಇಂಥದ್ದರಿಂದ ಹೀಗಾಯಿತು ಅನ್ನುವಳು. ಅಲ್ಲಿಗೆ ಮುಗಿಯಿತು, ಮೇಲೆ ಅಪೀಲಿಲ್ಲ.

ಅವಳಿಗಿದ್ದ ಒಂದೇ ತಲೆನೋವೆಂದರೆ ಬೆಟ್ಟದ ಸೆರಗಿನ ಜಮೀನಿನಲ್ಲಿದ್ದ ಗುಂಡಿ. ಅವಳ ಗಂಡ ಬದುಕಿದ್ದಾಗ ಯಾವನೋ ಕಂಟ್ರಾಕ್ಟರು ಬಂದು ಬಂಡೆ ಒಡೆದು ಕಲ್ಲು ಸಾಗಿಸಿ, ಗುಂಡಿಯನ್ನು ಹಾಗೇ ಬಾಯಿ ತೆರೆದಂತೆ ಬಿಟ್ಟು ಹೋಗಿದ್ದ. ಮೇಯಲು ಹೋದ ಮೇಕೆಗಳು ಅದರಲ್ಲಿ ಬಿದ್ದವು. ಒಂದು ಮಳೆಗಾಲದಲ್ಲಿ ಅವಳದೇ ಕರು ಬಿತ್ತು. ‘ಇವತ್ತು ಕರ, ನಾಳೆ ಮಕ್ಕಳು’ ಎಂದು ಅವಳು ಪಂಚಾಯ್ತಿಗೆ ಹೋದಳು, ತಾಲ್ಲೂಕು ಆಫೀಸಿಗೆ ಹೋದಳು. ಎಲ್ಲರೂ, ‘ನಿಮ್ಮ ಜಮೀನು, ನೀವೇ ತುಂಬಿಸ್ಕೊಳ್ಳಿ’ ಎಂದು ಕೈ ತೊಳೆದುಕೊಂಡರು.

ಅಂಥ ಹೊತ್ತಿನಲ್ಲಿ ಚಿಕ್ಕಬಳ್ಳಾಪುರದ ಕಡೆಯಿಂದ ಸುನೀಲ್‌ಕುಮಾರ್ ಎಂಬ ಬ್ರೋಕರು ಕಾರಿನಲ್ಲಿ ಬಂದಿಳಿದ. ಮಾತು ಬೆಣ್ಣೆ.

‘ಅಜ್ಜಿ, ನಿಮ್ಮ ಗುಂಡಿ ನಾನು ತುಂಬಿಸಿ ಕೊಡ್ತೀನಿ. ಬಿಲ್ಡಿಂಗ್ ಮಣ್ಣು ಹಾಕೋಕೆ ಜಾಗ ಹುಡುಕ್ತಿದ್ದೀವಿ. ನಮಗೂ ಅನುಕೂಲ, ನಿಮಗೂ ಅನುಕೂಲ. ನೀವು ಒಂದು ಪೈಸೆ ಕೊಡೋದು ಬೇಡ.’

ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಜನ ನಾವು. ಅಮ್ಮಾಜಮ್ಮನೇನು ಆಕಾಶದಿಂದ ಉದುರಿದವಳೇ? ‘ತುಂಬಿಸಪ್ಪಾ, ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಬೇಲಿಯ ಗೇಟು ತೆಗೆದುಕೊಟ್ಟಳು.

ಮೊದಲು ಟಿಪ್ಪರಿನಲ್ಲಿ ಮಣ್ಣೇ ಬಂತು. ಆಮೇಲೆ ಟ್ಯಾಂಕರ್ ಬರತೊಡಗಿತು. ಸುತ್ತಲಿನ ತೋಟಗಳಲ್ಲಿ ಯಾರೂ ಇರದ ನಡುಮಧ್ಯಾಹ್ನ ಬಂದು, ಗುಂಡಿಯ ಅಂಚಿನಲ್ಲಿ ನಿಂತು, ದಪ್ಪ ಪೈಪು ಇಳಿಬಿಟ್ಟು ಕರ್ರಗಿನ ನೀರು ಸುರಿಯುತ್ತಿತ್ತು. ಘಾಟು ಮೂಗಿಗೆ ಬಂದು ಬಡಿಯುತ್ತಿತ್ತು. ‘ಏನಪ್ಪಾ ಇದು?’ ಎಂದು ಅಮ್ಮಾಜಮ್ಮ ಡ್ರೈವರನ್ನು ಕೇಳಿದಳು. ‘ಫ್ಯಾಕ್ಟರಿ ತೊಳೆದ ನೀರಜ್ಜಿ. ಮಣ್ಣು ಗಟ್ಟಿಯಾಗಿ ಕೂತ್ಕೊಳ್ಳಲಿ ಅಂತ’ ಎಂದ ಅವನು. ಉಂಡಿರಲಿಲ್ಲ, ಪಾಪ. ಅಮ್ಮಾಜಮ್ಮ ಅವನನ್ನು ಮನೆಗೆ ಕರೆದು ಮುದ್ದೆ, ಹುರುಳಿ ಸಾರು ಇಟ್ಟಳು. ಮತ್ತೆ ಟ್ಯಾಂಕರ್ ಬಂದಾಗಲೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ಮನೆ ಕಡೆ ತಿರುಗಿಬಿಡುತ್ತಿದ್ದಳು. ಗುಂಡಿ ತುಂಬುತ್ತಿದೆಯಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ. ಕೊನೆಗೆ ಮೇಲೆ ಕೆಮ್ಮಣ್ಣು ಹರಡಿ ನೆಲ ಸಮ ಮಾಡಿದ ದಿನ ಅವಳು ಅಲ್ಲಿ ಒಂದು ತೆಂಗಿನಕಾಯಿ ಒಡೆದು ಬಂದಳು.

ಮುಂದಿನ ಮಳೆಗಾಲದಲ್ಲಿ ಕೋನಪ್ಪನ ಹುಳು ಮನೆ ಕೆಟ್ಟಿತು. ಕೋನಪ್ಪನದು ಬದುವಿನಾಚೆಯ ತೋಟ. ಅವನ ಹುಳಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿಯಿತೆಂದರೆ ಹೊಟ್ಟೆಬಾಕತನ ಶುರು. ಸೊಪ್ಪು ಹಾಕಿದರೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಸದ್ದಾಗಬೇಕು. ಆ ಸಲ ಸದ್ದೇ ಇಲ್ಲ. ಹುಳಗಳು ತಲೆಯೆತ್ತಿ ಒದ್ದಾಡಿ, ಹಸಿರು ರಸ ಕಕ್ಕಿ, ಸಾಲುಸಾಲಾಗಿ ಸತ್ತವು.

ಅಮ್ಮಾಜಮ್ಮ ಬಂದಳು. ಬಾಗಿಲಲ್ಲಿ ನಿಂತಳು. ಓಣಿಗೆ ಓಣಿಯೇ ಹಿಂದೆ ನೆರೆದಿತ್ತು.

‘ಸೊಪ್ಪು ನೋಡಿದ್ರೆ ಚೆನ್ನಾಗೈತೆ. ಬೀಡಿ ವಾಸನೆ ಇಲ್ಲ. ಯಾರೋ ಬರಬಾರದ ದಿನ ಒಳಗೆ ಬಂದವ್ರೆ’ ಎಂದಳು. ಎಂದವಳು ಸುಮ್ಮನಿರಬಾರದೇ? ಕೋನಪ್ಪನ ಸೊಸೆಯ ಕಡೆ ತಿರುಗಿದಳು.

ಸೊಸೆ ತನುಜ ವಿದುರಾಶ್ವತ್ಥದ ಹುಡುಗಿ. ಗೌರಿಬಿದನೂರಿನಲ್ಲಿ ಕಾಲೇಜು ಓದಿದವಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

‘ನಾನು ಹೋಗಿಲ್ಲ ಅಜ್ಜಿ, ದೇವರಾಣೆ’ ಎಂದಳು.

‘ಹುಳ ಸುಳ್ಳು ಹೇಳಲ್ಲ ಕಣಮ್ಮ.’

ಅಷ್ಟೇ ಮಾತು. ಕೋನಪ್ಪ ಮೊದಲೇ ಮುಂಗೋಪಿ. ಬೆಳೆ ಹೋದ ಸಿಟ್ಟನ್ನೆಲ್ಲ ಹುಡುಗಿಯ ಮೇಲೆ ತಿರುಗಿಸಿದ. ಗಂಡ ಅನ್ನಿಸಿಕೊಂಡವನು ಅಪ್ಪನ ಮುಂದೆ ತುಟಿ ಬಿಚ್ಚಲಿಲ್ಲ. ಮಾರನೆಯ ದಿನ ಅವಳನ್ನು ತವರಿನ ಬಸ್ಸು ಹತ್ತಿಸಿ, ಕರೆಯುವ ತನಕ ಬರಬೇಡ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ ಅಲ್ಲವೇ?

ಆಮೇಲೆ ಅಮ್ಮಾಜಮ್ಮನ ಸರದಿ. ಅವಳ ಹುಳವೂ ನಾಲ್ಕನೇ ಜ್ವರದಿಂದ ಎದ್ದು, ಎರಡು ಮೇವು ತಿಂದು, ಹಸಿರು ಕಕ್ಕಿತು.

ಅವಳು ಹುಳು ಮನೆಯ ಹೊಸಿಲ ಮೇಲೆ ಕುಕ್ಕರಿಸಿದಳು. ಮನೆಯಳಿಯ ಮುನಿಗಂಗಪ್ಪ, ಅಂದರೆ ಅವಳ ಒಬ್ಬಳೇ ಮಗಳ ಗಂಡ, ಪಕ್ಕದಲ್ಲಿ ನಿಂತು, ‘ಯಾರೋ ಬಂದಿರಬೇಕು ಅತ್ತೆ’ ಎಂದ.

‘ಯಾವಳು ಬರ್ತಾಳೋ? ಬೀಗದ ಕೈ ನನ್ನ ಸೊಂಟದಲ್ಲೈತೆ. ನನ್ನ ಮಗಳನ್ನೇ ಬಿಟ್ಟಿಲ್ಲ ನಾನು.’

ಅವಳ ಕಾನೂನಿನ ಪ್ರಕಾರ ಈಗ ತಪ್ಪಿತಸ್ಥೆ ಅವಳೇ ಆಗಬೇಕು. ಅವಳಿಗೋ ಮೊಮ್ಮಕ್ಕಳು ಶಾಲೆಗೆ ಹೋಗುವ ವಯಸ್ಸು. ಬರಬಾರದ ದಿನ ಎಲ್ಲಿಂದ ತರುವುದು? ಅಮ್ಮಾಜಮ್ಮ ಎದ್ದು ಬಿರಬಿರನೆ ತೋಟಕ್ಕೆ ನಡೆದಳು. ಮನೆಯ ಕಡೆಯ ಸಾಲುಗಳಲ್ಲಿ ಹಿಪ್ಪುನೇರಳೆ ಎಲೆ ನಳನಳಿಸುತ್ತಿತ್ತು. ಗುಂಡಿಯ ಕಡೆಗೆ ಹೋದ ಹಾಗೆ ಎಲೆಯಂಚು ಕಂದಿತ್ತು. ಬೋರ್‌ವೆಲ್ ಚಾಲೂ ಮಾಡಿ ಬೊಗಸೆಯಲ್ಲಿ ನೀರು ಹಿಡಿದು ಮೂಗಿನ ಹತ್ತಿರ ತಂದಳು. ಸಣ್ಣಗೆ, ಎಲ್ಲೋ ಅಡಿಯಲ್ಲಿ, ಅದೇ ಘಾಟು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದ ಘಾಟು.

ಬದುವಿನಾಚೆ ಕೋನಪ್ಪನ ಬೋರ್‌ವೆಲ್ಲೂ ಅದೇ ನೆಲದ ನೀರು ಕುಡಿಯುವುದು. ಅಮ್ಮಾಜಮ್ಮ ಬದುವಿನ ಮೇಲೆ ಕೂತು, ‘ಅಯ್ಯೋ ಪಾಪಿ ಮುಂಡೆ, ಏನು ಮಾಡ್ದೆ ನೀನು’ ಎಂದು ತನ್ನನ್ನೇ ಬೈದುಕೊಂಡು ಅತ್ತಳು. ಹುಳಕ್ಕೂ ಅತ್ತಳು, ಬಸ್ಸು ಹತ್ತಿಸಿದ ಹುಡುಗಿಗೂ ಅತ್ತಳು.

ನೂರಕ್ಕೆ ತೊಂಬತ್ತು ಜನ ಇಲ್ಲಿಂದ ಮನೆಗೆ ಹೋಗಿ ಬಾಯಿ ಹೊಲಿದುಕೊಂಡು ಕೂತಿರುತ್ತಿದ್ದರು. ಅಮ್ಮಾಜಮ್ಮ ಮಾರನೆಯ ಬೆಳಿಗ್ಗೆ ಒಂದು ಬಾಟಲಿಯಲ್ಲಿ ಆ ನೀರು ತುಂಬಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದಳು. ಕೇಳಿಕೊಂಡು, ಬೈಸಿಕೊಂಡು, ಕೊನೆಗೆ ಮಾಲಿನ್ಯ ನಿಯಂತ್ರಣದ ಕಚೇರಿ ಮುಟ್ಟಿದಳು. ಅಲ್ಲಿದ್ದ ಅಧಿಕಾರಿ ಮಹತಿ, ಚಿಕ್ಕ ವಯಸ್ಸಿನ ಹುಡುಗಿ. ಕೂರಿಸಿ, ನೀರು ಕೊಟ್ಟು, ಮಾತು ಮುಗಿಯುವ ತನಕ ಕೇಳಿದಳು. ಆ ವಾರವೇ ಊರಿಗೆ ಬಂದು ಎರಡೂ ಬೋರ್‌ವೆಲ್ಲಿನ ನೀರು, ಗುಂಡಿಯ ಮಣ್ಣು ಎಲ್ಲ ಪರೀಕ್ಷೆಗೆ ತೆಗೆದುಕೊಂಡು ಹೋದಳು. ನೆಲದಲ್ಲಿ ಕಾರ್ಖಾನೆಯ ವಿಷವಿದೆ ಅಂತ ವರದಿ ಬಂತು.

ವರದಿಯ ಹಿಂದೆಯೇ ನೋಟಿಸು ಬಂತು. ಯಾರಿಗೆ ಅಂತೀರಿ? ದೂರು ಕೊಟ್ಟ ಅಮ್ಮಾಜಮ್ಮನಿಗೆ!

ಊರು ಬಿದ್ದು ಬಿದ್ದು ನಕ್ಕಿತು. ಕಳ್ಳ ಬಂದ ಅಂತ ಕೂಗಿದವಳ ಕೈಗೇ ಕೋಳ. ಮೈ ಉರಿಯುವ ಮಾತೇ, ಆದರೆ ಕಾನೂನಿನ ದಾರಿ ಹಾಗೆಯೇ ಇರುವುದು. ಪಹಣಿಯಲ್ಲಿ ಯಾರ ಹೆಸರಿದೆಯೋ ಮೊದಲು ಅವರ ಬಾಗಿಲು ತಟ್ಟುತ್ತದೆ. ಅಂಥ ವಿಷ ಬಿಡುವ ಕಾರ್ಖಾನೆ ಸುತ್ತಮುತ್ತ ಒಂದೇ ಇದ್ದದ್ದು, ಅದಕ್ಕೂ ನೋಟಿಸು ಹೋಗಿತ್ತು. ‘ನಮ್ಮ ಟ್ಯಾಂಕರ್ ಆ ಊರಿನ ಮುಖವನ್ನೇ ನೋಡಿಲ್ಲ’ ಎಂದು ಅವರು ಉತ್ತರ ಕೊಟ್ಟರು. ಸುನೀಲ್‌ಕುಮಾರನ ಫೋನು ಸ್ವಿಚ್ ಆಫ್.

ಮುನಿಗಂಗಪ್ಪ ಅತ್ತೆಯನ್ನು ಶಿಡ್ಲಘಟ್ಟದ ವಕೀಲ ಗಣೇಶ್ ಪ್ರಸಾದರ ಹತ್ತಿರ ಕರೆದುಕೊಂಡು ಹೋದ. ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಮಾತಾಡಲಿಲ್ಲ.

‘ಅಮ್ಮಾ, ಗೊತ್ತಿದ್ದೂ ಸುರಿಯೋಕೆ ಬಿಟ್ಟವರನ್ನ ಕಾನೂನು ಹಿಡಿಯುತ್ತೆ. ನೀವು ಟ್ಯಾಂಕರ್ ನೋಡಿಲ್ಲ, ನಿಮಗೇನೂ ಗೊತ್ತಿಲ್ಲ ಅಂದುಬಿಡಿ. ವಯಸ್ಸಾದವರು, ನಂಬ್ತಾರೆ. ನೋಡಿದೆ, ಬಿಟ್ಟೆ ಅಂದ್ರೋ, ದಂಡ ಬೀಳುತ್ತೆ. ಜಮೀನು ಶುದ್ಧ ಆಗೋ ತನಕ ಬೆಳೆಯೋ ಹಾಗಿಲ್ಲ, ಮಾರೋ ಹಾಗಿಲ್ಲ. ಎಷ್ಟು ವರ್ಷ ಆಗುತ್ತೋ ಹೇಳಕ್ಕಾಗಲ್ಲ.’

‘ನಾನು ನೋಡಿಲ್ಲ ಅಂದ್ರೆ ಫ್ಯಾಕ್ಟರಿಯೋರಿಗೆ ಏನಾಗ್ತದೆ ಸ್ವಾಮಿ?’

‘ನೋಡಿದವರು ನೀವೊಬ್ಬರೇ ಅಲ್ವಾ? ನೀವೇ ನೋಡಿಲ್ಲ ಅಂದ್ಮೇಲೆ ಅವರ ಮೇಲೆ ಸಾಕ್ಷಿ ಎಲ್ಲಿಂದ ಬರುತ್ತೆ? ಕೈ ಕೊಡವಿಕೊಂಡು ಹೋಗ್ತಾರೆ.’

ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಯಿತು ಅಮ್ಮಾಜಮ್ಮನಿಗೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳಿಯ ಅವಳ ಪಕ್ಕ ಕೂತು, ‘ನಿಮ್ಮ ಕಾಲಿಗೆ ಬೀಳ್ತೀನಿ ಅತ್ತೆ, ಬಾಯಿ ಮುಚ್ಕೊಂಡಿರಿ. ಇರೋದೊಂದು ಜಮೀನು. ನನ್ನ ಮಕ್ಕಳು ಏನು ತಿನ್ನಬೇಕು?’ ಎಂದು ಗೋಗರೆದ. ಅವನನ್ನು ಬೈಯುವ ಹಾಗೂ ಇಲ್ಲ. ಹತ್ತು ವರ್ಷ ಆ ನೆಲಕ್ಕೆ ಬೆವರು ಸುರಿಸಿದವನು ಅವನೇ.

ಅವಳು ಯಾರಿಗೂ ಹೇಳದೆ ವಿದುರಾಶ್ವತ್ಥಕ್ಕೆ ಹೋದಳು. ತನುಜಳ ತಾಯಿ ಬಾಗಿಲು ತೆಗೆದು, ಯಾರೆಂದು ತಿಳಿಯದೆ, ‘ಎವರಮ್ಮಾ? ರಾಂಡಿ, ಕೂರ್ಚೋಂಡಿ’ ಎಂದು ತೆಲುಗಿನಲ್ಲಿ ಉಪಚಾರ ಮಾಡಿ ಕೂರಿಸಿದಳು. ಒಳಗಿನಿಂದ ಬಂದ ತನುಜ ಅವಳನ್ನು ಕಂಡು ಅಲ್ಲೇ ನಿಂತಳು. ಹುಡುಗಿ ಇಳಿದುಹೋಗಿದ್ದಳು.

‘ತಪ್ಪು ನಂದು ಕಣಮ್ಮ. ಹುಳ ಸತ್ತಿದ್ದು ನನ್ನ ಗುಂಡಿಯಿಂದ. ನಿನ್ನಿಂದ ಅಲ್ಲ’ ಎಂದಳು ಅಮ್ಮಾಜಮ್ಮ. ಜೀವಮಾನದಲ್ಲಿ ಅವಳು ಯಾರಿಗೂ ಹಾಗೆ ಅಂದವಳಲ್ಲ.

ತನುಜ ಅಳಲಿಲ್ಲ. ‘ಇಲ್ಲಿ ನನ್ನೊಬ್ಬಳ ಕಿವೀಲಿ ಹೇಳಿದ್ರೆ ಏನು ಬಂತು ಅಜ್ಜಿ? ನೀವು ನನ್ನ ಮೇಲೆ ಹೇಳ್ದಾಗ ಊರೆಲ್ಲ ನಿಂತು ಕೇಳಿಸ್ಕೊಳ್ತಿತ್ತು’ ಎಂದಳು. ಕಾಫಿ ಮಾತ್ರ ತಂದುಕೊಟ್ಟಳು. ಮನೆಗೆ ಬಂದವರಿಗೆ ಕೊಡದೆ ಕಳಿಸುವ ಮನೆಯಲ್ಲ ಅದು.

ಮಹಜರಿನ ದಿನ ಬಂತು. ಅಧಿಕಾರಿಗಳು ಜಾಗದಲ್ಲೇ ನಿಂತು, ನಾಲ್ಕು ಜನರ ಮುಂದೆ ವಿಚಾರಿಸಿ ಬರೆದುಕೊಳ್ಳುವುದು. ನಾಲ್ಕು ಜನ ಎಲ್ಲಿ, ಊರೇ ಬಂದಿತ್ತು. ಕೋನಪ್ಪನೂ ಮಗನೂ ಬದುವಿನ ಮೇಲೆ ನಿಂತಿದ್ದರು. ಕಾರ್ಖಾನೆಯ ಕಡೆಯಿಂದ ಒಬ್ಬ ಮ್ಯಾನೇಜರು ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು, ಕೊರಳಿಗೆ ಗುರುತಿನ ಕಾರ್ಡು ನೇತುಹಾಕಿಕೊಂಡು ನಿಂತಿದ್ದ. ಗಣೇಶ್ ಪ್ರಸಾದರು ಅಮ್ಮಾಜಮ್ಮನ ಪಕ್ಕದಲ್ಲೇ ಇದ್ದರು. ಮುನಿಗಂಗಪ್ಪ ಅತ್ತೆಯ ಮುಖವನ್ನೇ ನೋಡುತ್ತಿದ್ದ.

‘ಈ ಗುಂಡಿಗೆ ಯಾರು ಏನು ಸುರಿದರು, ನಿಮಗೆ ಗೊತ್ತಾ ಅಜ್ಜಿ?’ ಎಂದು ಮಹತಿ ಕೇಳಿದಳು.

‘ಅದನ್ನ ಆಮೇಲೆ ಹೇಳ್ತೀನಿ ಮೇಡಂ. ಮೊದಲು ಊರೋರಿಗೆ ಒಂದು ಮಾತು ಹೇಳೋದೈತೆ’ ಎಂದು ಅಮ್ಮಾಜಮ್ಮ ಜನರ ಕಡೆ ತಿರುಗಿದಳು. ಬಾಯಿ ಆ ದಿನವೂ ಸಣ್ಣದಾಗಲಿಲ್ಲ. ‘ಕೋನಪ್ಪಾ, ಕೇಳಿಸ್ಕೊ. ಎಲ್ಲಾರೂ ಕೇಳಿಸ್ಕೊಳ್ಳಿ. ನಿನ್ನ ಹುಳ ಸತ್ತಿದ್ದು ಈ ಗುಂಡಿ ನೀರಿಂದ. ನಿನ್ನ ಸೊಸೆ ಮೇಲೆ ನಾನು ಆಡಿದ್ದು ಸುಳ್ಳು ಮಾತು. ಆ ಹುಡುಗಿ ಹೋಗಿಲ್ಲ ಅಂತ ದೇವರಾಣೆ ಹಾಕಿದ್ಳು, ನಾನು ಕೇಳಲಿಲ್ಲ. ಹೋಗಿದ್ರೂ ಹುಳಕ್ಕೆ ಏನೂ ಆಗ್ತಿರಲಿಲ್ಲ. ಹೆಂಗಸರಿಂದ ಸಾಯೋ ಹುಳ ಯಾವುದೂ ಇಲ್ಲ, ಇಷ್ಟು ವರ್ಷ ನಾನು ಹೇಳ್ಕೊಂಡು ಬಂದಿದ್ದು ದಂಡ.’

ಗಂಡಸರು ನೆಲ ನೋಡಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಣೇಶ್ ಪ್ರಸಾದರು ಅವಳ ತೋಳು ಮುಟ್ಟಿ, ‘ಸಾಕಮ್ಮ, ಇಷ್ಟಕ್ಕೇ ನಿಲ್ಲಿಸಿ’ ಎಂದರು.

‘ಇಷ್ಟಕ್ಕೇ ನಿಲ್ಲಿಸಿದ್ರೆ ಅರ್ಧ ಸುಳ್ಳಾಗ್ತದೆ ಸ್ವಾಮಿ’ ಎಂದು ಅವಳು ಮಹತಿಯ ಕಡೆ ತಿರುಗಿದಳು. ‘ಬರ್ಕೊಳ್ಳಿ ಮೇಡಂ. ಗುಂಡಿ ನಂದು. ತುಂಬಿಸಿ ಅಂತ ಸುನೀಲ್‌ಕುಮಾರಂಗೆ ಗೇಟು ತೆಗೆದುಕೊಟ್ಟೋಳು ನಾನು. ಟ್ಯಾಂಕರ್ ಬಂದು ಕರೀ ನೀರು ಸುರೀತು, ನಿಂತು ನೋಡಿದ್ದೀನಿ. ಟ್ಯಾಂಕರ್ ಬಾಗಿಲ ಮೇಲೆ ನೀಲಿ ಚಕ್ರದೊಳಗೆ ಒಂದು ದೀಪ. ಅಗೋ, ಆ ಸ್ವಾಮಿ ಕೊರಳಲ್ಲಿ ನೇತಾಡ್ತಾ ಐತಲ್ಲ, ಅದೇ ಗುರುತು.’

ಇಡೀ ಊರಿನ ಕಣ್ಣು ಮ್ಯಾನೇಜರಿನ ಎದೆಗೆ ಹೋಯಿತು. ಅವನು ಕಾರ್ಡನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡ ಜನ ಅಷ್ಟು ಹೊತ್ತಿನಲ್ಲೂ ನಕ್ಕುಬಿಟ್ಟರು.

‘ಡ್ರೈವರ್ ಯಾರು ಅಂತ ಹೇಳ್ತೀರಾ?’ ಎಂದಳು ಮಹತಿ.

‘ಹೆಸರು ಕೇಳಲಿಲ್ಲ. ಮನೆಗೆ ಕರೆದು ಊಟಕ್ಕಿಟ್ಟಿದ್ದೀನಿ. ಎಡಗೈಲಿ ಮುದ್ದೆ ಮುರಿಯೋನು. ಬಲಗೈಲಿ ಎರಡು ಬೆರಳು ಮಡಚಕ್ಕೆ ಬರಲ್ಲ. ಸಾರು ಎರಡು ಸಲ ಹಾಕಿಸ್ಕೊಂಡ. ಎದುರಿಗೆ ತಂದು ನಿಲ್ಸಿ, ಗುರುತು ಹಿಡೀತೀನಿ.’

ಮಹತಿ ಪೆನ್ನು ನಿಲ್ಲಿಸಿದಳು. ‘ಅಜ್ಜಿ, ಇದನ್ನ ಬರೆದರೆ ಅವರ ಮೇಲೆ ಬರೋದು ನಿಮ್ಮ ಮೇಲೂ ಬರುತ್ತೆ. ಅದು ವಿಷ ಅಂತ ನಿಮಗೆ ಗೊತ್ತಿತ್ತಾ? ಯೋಚನೆ ಮಾಡಿ ಹೇಳಿ.’

ಅಮ್ಮಾಜಮ್ಮ ಗೊತ್ತಿರಲಿಲ್ಲ ಅಂದಿದ್ದರೆ ಪೂರಾ ಸುಳ್ಳೇನೂ ಆಗುತ್ತಿರಲಿಲ್ಲ.

‘ವಿಷ ಅಂತ ಯಾರೂ ಹೇಳಲಿಲ್ಲ ಕಣಮ್ಮ. ಆದ್ರೆ ಒಳ್ಳೇ ನೀರಲ್ಲ ಅಂತ ಮೂಗಿಗೆ ಗೊತ್ತಾಗಿತ್ತು. ಹುಳು ಮನೆ ಬಾಗಿಲಲ್ಲಿ ಬೀಡಿ ವಾಸನೆ ಹಿಡಿಯೋ ಮೂಗು ಇದು. ಗುಂಡಿ ಬಿಟ್ಟಿಯಾಗಿ ತುಂಬ್ತಾ ಐತೆ ಅಂತ ಮುಚ್ಕೊಂಡು ಮನೆಗೆ ಹೋದೆ. ಹಂಗೇ ಬರೀರಿ.’

ಮಹತಿ ಹಾಗೆಯೇ ಬರೆದು ಓದಿ ಹೇಳಿದಳು. ಅಮ್ಮಾಜಮ್ಮ ದಪ್ಪ ಅಕ್ಷರದಲ್ಲಿ ರುಜು ಹಾಕಿದಳು. ಮುನಿಗಂಗಪ್ಪ ಅದನ್ನು ನೋಡಲಾರದೆ ಆಗಲೇ ಮನೆ ಕಡೆ ಹೊರಟುಹೋಗಿದ್ದ.

ಎಡಗೈಯ ಡ್ರೈವರು ಸಿಕ್ಕಿದ. ಅವನ ಹಿಂದೆ ಸುನೀಲ್‌ಕುಮಾರನೂ ಸಿಕ್ಕಿದ. ಗುಂಡಿ ಬಗೆದು ವಿಷದ ಮಣ್ಣು ಸಾಗಿಸಬೇಕು, ಕೋನಪ್ಪನಿಗೆ ಪರಿಹಾರ ಕೊಡಬೇಕು, ಊರಿಗೆ ಒಳ್ಳೆಯ ನೀರು ಕೊಡಬೇಕು ಅಂತ ಕಾರ್ಖಾನೆಗೆ ಆದೇಶವಾಯಿತು. ಅಮ್ಮಾಜಮ್ಮನ ಸತ್ಯಕ್ಕೆ ಯಾರೂ ರಿಯಾಯಿತಿ ಕೊಡಲಿಲ್ಲ. ಅವಳ ಪಾಲಿಗೂ ದಂಡ ಬಂತು. ಜಮೀನಿನ ಸುತ್ತ ಮುಳ್ಳುತಂತಿ ಬಿತ್ತು, ಅಪಾಯ ಎಂದು ಬೋರ್ಡು ನಿಂತಿತು. ಶುದ್ಧವಾಯಿತು ಎಂದು ಬರೆದುಕೊಡುವ ತನಕ ಅದರಲ್ಲಿ ಒಂದು ಕಡ್ಡಿ ನೆಡುವ ಹಾಗಿಲ್ಲ. ಮುನಿಗಂಗಪ್ಪ ಪಕ್ಕದೂರಿನಲ್ಲಿ ತೋಟ ಗುತ್ತಿಗೆಗೆ ಹಿಡಿದ. ಬಹಳ ದಿನ ಅತ್ತೆಯ ಜೊತೆ ಮಾತಾಡದೆ, ಗೋಡೆಗೆ ಮುಖ ಮಾಡಿ ಉಂಡು ಹೋಗುತ್ತಿದ್ದ. ಅಮ್ಮಾಜಮ್ಮ ಅವನ ತಟ್ಟೆಗೆ ತುಪ್ಪ ಹಾಕುವುದನ್ನು ಬಿಡಲಿಲ್ಲ.

ಕೋನಪ್ಪ ಮಾತ್ರ ಮಹಜರು ಮುಗಿದ ಮಾರನೆಯ ದಿನವೇ ವಿದುರಾಶ್ವತ್ಥದ ಬಸ್ಸು ಹತ್ತಿದ್ದ. ಮಗನನ್ನೂ ಜೊತೆಗೆ ಎಳೆದುಕೊಂಡು ಹೋಗಿದ್ದ. ಅಲ್ಲಿ ಬೀಗರು ಏನಂದರೋ, ಸೊಸೆಯ ಮುಂದೆ ಅವನು ಹೇಗೆ ನಿಂತನೋ, ಊರಿಗೆ ಬಂದು ಅವನು ಹೇಳಲಿಲ್ಲ. ಸಂಜೆ ಬಸ್ಸಿನಲ್ಲಿ ತನುಜ ಅವರ ಹಿಂದೆ ಇಳಿದಳು. ಮನೆಗೆ ಹೋಗದೆ ಬ್ಯಾಗು ಹಿಡಿದುಕೊಂಡೇ ಅಮ್ಮಾಜಮ್ಮನ ಜಗಲಿ ಹತ್ತಿರ ಬಂದು ನಿಂತಳು. ಅಮ್ಮಾಜಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದವಳು ತಲೆಯೆತ್ತಿದಳು.

‘ಅಜ್ಜಿ, ನನ್ನಿಂದ ನಿಮ್ಮ ಜಮೀನು ಹೋಗುತ್ತಂತೆ’ ಎಂದಳು ತನುಜ. ಈಗ ಮಾತ್ರ ಅವಳ ಕಣ್ಣು ತುಂಬಿತ್ತು.

‘ಜಮೀನು ಎಲ್ಲಿಗೆ ಹೋಗ್ತದೆ ಹುಚ್ಚಿ, ಅಲ್ಲೇ ಬಿದ್ದೈತೆ’ ಎಂದಳು ಅಮ್ಮಾಜಮ್ಮ. ‘ಊರು ಬಿಟ್ಟು ಹೋಗಿದ್ದೋಳು ನೀನು.’